ಕೋಬಾಳ ಮೂರನೆಯ ಕರಾರು

ಕೋಬಾ ಸ್ಟಾಲ್ಮನ್‌ಳನ್ನು ಮೊದಲು ಕಂಡಾಗ, ದಪ್ಪ ಮೆಣಸಿನಕಾಯಿ ಬೆಳೆಯುವ ಆ ಗಾಜಿನ ಮನೆಗೆ ಅವಳೇ ಒಡತಿ ಎಂದು ಈ ಬರಹಗಾರ ತಿಳಿದಿದ್ದ. "ಸಾಲಿನ ಮಧ್ಯೆ ಫೋನ್ ಹಿಡ್ಕೊಂಡು ತಿರುಗಬೇಡ ಮಾರ್ಟನ್, ಕುಡಿ ಮುರಿಯುತ್ತೆ" ಎಂದು ಅವಳು ಯಾರನ್ನೋ ಗದರುತ್ತಿದ್ದಳು. ಗದರಿಸಿಕೊಂಡವನೇ ಮಾಲೀಕ, ಗದರಿಸಿದವಳು ವರ್ಷದ ಕರಾರಿನ ಕೆಲಸದಾಕೆ.

ಅಂಚೆ ವಿಂಗಡಿಸುವ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಖಾಯಂ ಆಗಿದ್ದವಳು. ಆ ಕೇಂದ್ರ ಮುಚ್ಚಿದಾಗ ಐವತ್ನಾಲ್ಕು ತುಂಬಿತ್ತು. ತರಕಾರಿ ಬೆಳೆಗೆ ಹೆಸರಾದ ವೆಸ್ಟ್‌ಲಾಂಡ್ ಸೀಮೆಯ ಈ ಗಾಜಿನ ಮನೆಗೆ ಬಂದು ಒಂದೊಂದು ವರ್ಷದ ಮೂರು ಕರಾರು ಸವೆಸಿದಳು. ಮೂರಾದ ಮೇಲೆ ಕಾನೂನು ಮಾಲೀಕನಿಗೆ ಎರಡೇ ದಾರಿ ಬಿಡುತ್ತದೆ: ಖಾಯಂ ಮಾಡಬೇಕು, ಇಲ್ಲವೇ ಆರು ತಿಂಗಳಿಗೂ ಮೇಲೆ ಹೊರಗಿಡಬೇಕು. ಐವತ್ತೇಳರ ಹೆಂಗಸಿಗಾಗಿ ಹೊರಗೆ ಯಾರೂ ಬಾಗಿಲು ತೆರೆದುಕೊಂಡು ಕೂತಿರುವುದಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಮಾರ್ಟನ್ ಎಲ್ಲರೆದುರು ನಿನ್ನ ಬಗ್ಗೆ ಮಾತಾಡುತ್ತಾನೆ, ಬರೆದೂ ಇಟ್ಟುಕೊಂಡಿದ್ದಾನೆ ಎಂದು ಮೇಸ್ತ್ರಿ ರೂಡ್ ಅವಳ ಕಿವಿಗೆ ಹಾಕಿದ. ಭಾಷಣವೆಂದ ಮೇಲೆ ಖಾಯಮ್ಮೇ ಎಂದುಕೊಂಡಳು ಕೋಬಾ. ಆ ಸೀಮೆಯ ರೂಢಿಯಂತೆ ಒಳ್ಳೆಯದಾದವರೇ ಉಳಿದವರಿಗೆ ಕೇಕು ತಿನ್ನಿಸಬೇಕು. ಶುಕ್ರವಾರ ಸೈಕಲ್ಲಿಗೆ ಕಟ್ಟಿಕೊಂಡು ಸೇಬಿನ ಕೇಕು ತಂದಳು.

"ಸಹಿ ಬೀಳೋ ಮುಂಚೆನೇ ಕೇಕಾ?" ಎಂದಳು ಜೊತೆಯ ದಾನುತಾ.

"ನಾನು ಮೂರು ವರ್ಷ ಕಾದಿದ್ದೀನಿ ಕಣೇ. ಕೇಕು ಹತ್ತು ನಿಮಿಷ ಕಾಯಲಿ."

ನಾಯಕತ್ವದ ಎರಡು ದಿನದ ತರಬೇತಿ ಮುಗಿಸಿ ಬಂದಾಗಿನಿಂದ ಮಾರ್ಟನ್ ಕೆಲಸಗಾರರನ್ನು 'ನಮ್ಮ ಕುಟುಂಬ' ಎನ್ನುತ್ತಿದ್ದ. ಅಂದೂ ಕುಟುಂಬದಿಂದ ಶುರುಮಾಡಿ, ಬೇರು, ಬೆಳವಣಿಗೆ ಎಂದು ಒಂಬತ್ತು ನಿಮಿಷ ಸುತ್ತಿದ. ಕೊನೆಗೆ, ಕೋಬಾಳಿಗೆ ಈಗ ಆರು ತಿಂಗಳ ಮೇಲೊಂದು ದಿನದ ವಿರಾಮವೆಂದೂ, ಮಾರುಕಟ್ಟೆ ಸುಧಾರಿಸಿದರೆ ಆಮೇಲೆ ನೋಡೋಣವೆಂದೂ ಹೇಳಿದ. ಆಗ ಮೇಜಿನ ಮೇಲಿನ ಕೇಕು ಅವನ ಕಣ್ಣಿಗೆ ಬಿತ್ತು.

"ನಿನ್ನ ಬೀಳ್ಕೊಡುಗೆಗೆ ನೀನೇ ಕೇಕು ತಂದಿದ್ದೀಯಾ! ಎಂಥ ದೊಡ್ಡ ಮನಸ್ಸು."

ರೂಡ್ ತನ್ನ ಬೂಟಿನ ದಾರ ನೋಡುತ್ತ ನಿಂತ. ಕೋಬಾ ಚಾಕು ತೆಗೆದುಕೊಂಡು ಹದಿಮೂರು ಸಮನಾದ ತುಂಡು ಮಾಡಿದಳು. ಮೊದಲನೆಯದನ್ನು ಮಾಲೀಕನಿಗೇ ಕೊಟ್ಟಳು. ದಾನುತಾ ತನ್ನ ಪಾಲನ್ನು ಮುಟ್ಟಲಿಲ್ಲ.

ಮಾರ್ಟನ್ ಪೂರ್ತಿ ತಿಂದು ತುಟಿ ಒರೆಸಿಕೊಂಡ. "ನಿಜ ಹೇಳು ಕೋಬಾ, ಈ ಆರು ತಿಂಗಳು ನಮ್ಮ ನೆನಪಾಗುತ್ತೆ ತಾನೇ?"

"ಕೆಲಸ ಹುಡುಕೋರಿಗೆ ಅಷ್ಟೊಂದು ಪುರುಸೊತ್ತಿರಲ್ಲ."