ಮೇಷ್ಟ್ರ ಟ್ರಂಕಿನ ಲಗ್ನಪತ್ರಿಕೆಗಳು

ಮೊನ್ನೆ ಹರಿಹರದಿಂದ ಒಂದು ಲಗ್ನಪತ್ರಿಕೆ ಬಂತು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದರು. ಲಕೋಟೆ ತೆಗೆದ ಕೂಡಲೇ ಆ ವಾಸನೆ ಬಂತು, ಯಾರ ಮದುವೆ ಎಂದು ಓದುವ ಮೊದಲೇ ಪತ್ರಿಕೆಯನ್ನು ಮಗುಚಿ ನೋಡಿದೆ. ಹಿಂದೆ ಏನೂ ಇರಲಿಲ್ಲ. ಎಷ್ಟೋ ವರ್ಷಗಳಿಂದ ನನಗೆ ಇದೇ ಚಾಳಿ. ಮನೆಯವರು ನಗುತ್ತಾರೆ. ನನಗೆ ಮೇಷ್ಟ್ರ ನೆನಪಾಗುತ್ತದೆ...

ಮೇಷ್ಟ್ರು ಭಾನುವಳ್ಳಿಯವರು. ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು, ಪದ್ಯ ಬರೆಯುತ್ತಿದ್ದರು. ಊರಲ್ಲಿ ಯಾರ ಮನೆಯ ಮದುವೆ ಗೊತ್ತಾದರೂ ಪತ್ರಿಕೆಯ ಒಕ್ಕಣೆ ಅವರದೇ. ಹರಿಹರದ ಪ್ರೆಸ್ಸಿಗೆ ಹೋಗಿ ಅಚ್ಚಿನ ತಪ್ಪು ತಿದ್ದಿ ಬರುವವರೂ ಅವರೇ. ಅದಕ್ಕೆ ಪ್ರತಿಯಾಗಿ ಹಂಚಿ ಮಿಕ್ಕ ಪತ್ರಿಕೆಗಳನ್ನು ಮಾತ್ರ ಕೇಳಿ ಒಯ್ಯುತ್ತಿದ್ದರು. ಅವುಗಳ ಖಾಲಿ ಬೆನ್ನಿನ ಮೇಲೆ ಪದ್ಯ ಬರೆಯುತ್ತಿದ್ದರು. ಹರೆಯದಲ್ಲಿ ಎರಡು ಸಣ್ಣ ಪುಸ್ತಕ ಬಂದಿದ್ದವಂತೆ. ಆಮೇಲೆ ಬರೆದದ್ದೆಲ್ಲ ಒಂದು ತಗಡಿನ ಟ್ರಂಕಿನಲ್ಲಿತ್ತು.

ನಾನಾಗ ದಾವಣಗೆರೆಯ ಒಂದು ಗ್ರಂಥಾಲಯದಲ್ಲಿ ಗುಮಾಸ್ತೆ. ನಮ್ಮ ಕಡೆಯ ಬರಹಗಾರರ ಕಾಗದಪತ್ರಗಳನ್ನು ಕಾಪಿಡಬೇಕೆಂದು ನಮ್ಮಲ್ಲಿ ಒಂದು ಕೋಣೆ ತೆರೆದಿದ್ದರು. ಸುದ್ದಿ ಕೇಳಿ ಮೇಷ್ಟ್ರು ಟ್ರಂಕನ್ನು ಬಸ್ಸಿನಲ್ಲಿ ಹಾಕಿಕೊಂಡು ಬಂದರು.

"ನನ್ನದೆಲ್ಲ ಇದರಾಗೇ ಐತೆ ನೋಡವ್ವ. ಬ್ಯಾರೆ ಪ್ರತಿ ಇಲ್ಲ," ಎಂದರು.

ಅವರು ಹೋದ ಮೇಲೆ ಮುಚ್ಚಳ ತೆಗೆದೆ. ಪತ್ರಿಕೆಗಳೆಲ್ಲ ಪದ್ಯ ಮೇಲಾಗಿ, ಅಚ್ಚಿನ ಕಡೆ ಕೆಳಗಾಗಿ ಇದ್ದವು. ಅಂದರೆ ಗಣಪತಿ, ಈಶ್ವರ, ವೀರಭದ್ರ, ಎಲ್ಲ ದೇವರೂ ಬೋರಲು. ನನಗೆ ತಡೆಯಲಾಗಲಿಲ್ಲ. ಹಳೆಯ ಕ್ಯಾಲೆಂಡರಿನ ದೇವರನ್ನೂ ಬೋರಲು ಹಾಕದ ಮನೆಯಲ್ಲಿ ಬೆಳೆದವಳು ನಾನು. ಎರಡು ದಿನ ಕೂತು ಒಂದೊಂದನ್ನೇ ಮಗುಚಿ, ದೇವರ ಮುಖ ಮೇಲೆ ಮಾಡಿ, ಮೂಲೆಗೆ ಮೂಲೆ ಕೂಡಿಸಿ, ದಾರ ಕಟ್ಟಿದೆ. ಎಷ್ಟು ಓರಣವಾಗಿ ಕಟ್ಟಿದ್ದೇನೆ ಎಂದು ಹೆಮ್ಮೆಪಟ್ಟಿದ್ದೂ ಉಂಟು.

ಆಮೇಲೆ ಸ್ಕ್ಯಾನ್ ಮಾಡುವವರು ಬಂದರು. ಕಂತೆಯಲ್ಲಿ ಮೇಲೆ ಕಂಡ ಮಗ್ಗುಲನ್ನಷ್ಟೇ ಸ್ಕ್ಯಾನ್ ಮಾಡಿ ಕೊಟ್ಟರು. ಹಾಳೆಗಳ ಸಂಖ್ಯೆ ಪಟ್ಟಿಗೆ ಸರಿಹೊಂದಿತು, ಕಂಪ್ಯೂಟರ್ ತೆರೆದು ನೋಡದೆ ಸಹಿ ಹಾಕಿದೆ. ಕೋಣೆಗೆ ಗೆದ್ದಲು ಹತ್ತಿತ್ತು. ಹೇಗೂ ಸ್ಕ್ಯಾನ್ ಆಗಿದೆಯಲ್ಲ, ಕಾಗದ ತೆಗೆಸಿ ಸುಡಿಸಿಬಿಡಿ ಎಂದರು ಗ್ರಂಥಾಲಯದ ಸಾಹೇಬರು. ಅದಕ್ಕೂ ನಾನೇ ಸಹಿ ಹಾಕಿದೆ.

ಮಳೆಗಾಲ ಕಳೆದು ಮೇಷ್ಟ್ರು ಬಂದರು. ತಮ್ಮ ಪದ್ಯಗಳು ಕಂಪ್ಯೂಟರಿನಲ್ಲಿ ಹೇಗೆ ಕಾಣುತ್ತವೆಂದು ನೋಡುವ ಆಸೆ ಅವರಿಗೆ. ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿ ತೆರೆದೆ. ಒಂದು ಲಗ್ನಪತ್ರಿಕೆ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಮತ್ತೊಂದು.

ಮೇಷ್ಟ್ರು ಶಾಂತವಾಗಿಯೇ ಹೇಳಿದರು, "ಮಗುಚವ್ವ ಅದನ್ನ."

ಮಗುಚಲು ಬರುವುದಿಲ್ಲ ಎಂದು ಅವರಿಗೆ ತಿಳಿಸಿ ಹೇಳುವುದಿತ್ತಲ್ಲ, ಅಂಥ ಹೊತ್ತು ಶತ್ರುವಿಗೂ ಬೇಡ. ದೇವರ ಮುಖ ಮೇಲೆ ಮಾಡಿದ್ದನ್ನೂ, ಕಾಗದ ಹೋದದ್ದನ್ನೂ ಹೇಳಿದೆ. ನೆನಪಿದ್ದಷ್ಟು ಹೇಳಿ, ಈಗಲೇ ಬರೆದುಕೊಳ್ಳುತ್ತೇನೆ ಎಂದು ಪೆನ್ನು ಹಿಡಿದು ಬೇಡಿಕೊಂಡೆ. ಅವರು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದರು. ತುಟಿ ಅಲ್ಲಾಡಿತು, ನಿಂತಿತು...

"ಬರೆದಿಟ್ಟೀನಲ್ಲ ಅಂತ ಮರೆತುಬಿಟ್ಟಿದ್ದೆ ಕಣವ್ವ," ಎಂದರು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗುವಾಗ ಪರದೆಯ ಕಡೆ ನೋಡಿ, ಇವುಗಳ ಒಕ್ಕಣೆಯೂ ನನ್ನದೇ ಬಿಡು ಎಂದರು. ಖಾಲಿ ಟ್ರಂಕನ್ನು ಮಾತ್ರ ವಾಪಸು ಕೇಳಿ ಒಯ್ದರು. ಆಮೇಲೆ ಬರಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗುವ ಧೈರ್ಯ ನನಗಾಗಲಿಲ್ಲ.

ಈಗಲೂ ಆ ಕಂಪ್ಯೂಟರಿನಲ್ಲಿ ಅವರ ಹೆಸರು ಹುಡುಕಿದರೆ ಲಗ್ನಪತ್ರಿಕೆಗಳೇ ಬರುತ್ತವೆ. ಯಾರೂ ಹುಡುಕುವುದಿಲ್ಲ.

ಪತ್ರಿಕೆಗಳನ್ನು ಮಗುಚುವಾಗ ಒಂದು ಪದ್ಯದ ಮೊದಲ ಸಾಲು ಕಣ್ಣಿಗೆ ಬಿದ್ದಿತ್ತು. 'ಕಾಲುವೆ ನೀರು ನಿಂತ ದಿನ ಅವ್ವ ಕೊಡ ತೊಳೆದಿಟ್ಟಳು.' ಆಮೇಲೆ ಓದಿದರಾಯಿತು ಎಂದು ಮಗುಚಿಟ್ಟೆ. ಮುಂದಿನ ಸಾಲು ನನಗೆ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ.