ಶರ್ಯತ್ತಿನ ದಿನ ಬ್ರೆಡ್ ಸಿಗುವುದಿಲ್ಲ

ಮೊನ್ನೆ ತವರೂರು ಐಗಳಿಗೆ ಹೋದಾಗ ಬೇಕರಿಯಲ್ಲಿ ಬ್ರೆಡ್ ಕೇಳಿದೆ. ಬಿಸಿ ಬ್ರೆಡ್ಡಿನ ವಾಸನೆ ಬೀದಿಗೆಲ್ಲ ಹರಡಿತ್ತು. ಆದರೂ ಅಂಗಡಿಯ ಹುಡುಗ ಇಲ್ಲವೆಂದು ಕೈಯಾಡಿಸಿದ.

“ಇವತ್ತ ಕೊಡಂಗಿಲ್ರಿ. ಕುದರಿ ಶರ್ಯತ್ತು ಐತಿ.”

“ಕುದರಿಗೂ ಬ್ರೆಡ್ಡಿಗೂ ಏನಪಾ ಸಂಬಂಧ?”

“ಯಾರಿಗ್ ಗೊತ್ರಿ? ಮದಲಿಂದ ಪದ್ಧತಿ ಐತಿ.”

ನನಗೆ ಗೊತ್ತು. ನಿಮಗಷ್ಟೇ ಹೇಳುತ್ತೇನೆ.

ಎಂಬತ್ತರ ದಶಕದ ಕೊನೆ. ಪ್ರತಿವರ್ಷ ಕುದುರೆ ಓಟದ ಶರ್ಯತ್ತಿನಲ್ಲಿ ಗೆದ್ದವರ ಹೆಸರನ್ನು ಚಾವಡಿಯ ಗೋಡೆಗೆ ಬಣ್ಣದಲ್ಲಿ ಬರೆಸುತ್ತಿದ್ದರು. ಅಪ್ಪನ ತಮ್ಮ ಭೀಮು ಕಾಕಾನಿಗೆ ಆ ಗೋಡೆಯದೇ ಹುಚ್ಚು. ದ್ರಾಕ್ಷಿ ತೋಟಕ್ಕೆ ಹೋಗುವಾಗಲೂ ಸುತ್ತು ಬಳಸಿ, ಖಾಲಿ ಜಾಗ ಎಷ್ಟುಳಿದಿದೆ ಎಂದು ನೋಡಿಕೊಂಡೇ ಹೋಗುತ್ತಿದ್ದ. ಐದು ಸಲ ಸೋತ ಮೇಲೆ ಪುಣೆಯಿಂದ ರೇಸಿನ ಕುದುರೆಯನ್ನೇ ತಂದ.

ಜೊತೆಗೊಂದು ಇಂಗ್ಲಿಷ್ ಕಾಗದವೂ ಬಂತು. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ. ಅಥಣಿಯಲ್ಲಿ ಪಿಯುಸಿ, ಅದರಲ್ಲೂ ಒಮ್ಮೆ ನಪಾಸು. ‘ಥರೋಬ್ರೆಡ್’ ಎಂಬ ಪದದ ಮೇಲೆ ಬೆರಳಿಟ್ಟು, ಗಂಟಲು ಸರಿಮಾಡಿಕೊಂಡು ಅರ್ಥ ಹೇಳಿದೆ: “ಥರೋ ಅಂದ್ರ ಪೂರಾ. ಇದು ಪೂರಾ ಬ್ರೆಡ್ ಮ್ಯಾಲೇ ಬೆಳದೈತಿ, ಕಾಕಾ.”

“ಅದಕ್ಕ ಹಿಂಗ ತೆಳ್ಳಗ ಐತಿ ನೋಡು!” ಎಂದ ಕಾಕಾ.

ಅಂದಿನಿಂದ ಅಥಣಿಯ ಬಸ್ಸಿನಲ್ಲಿ ದಿನಾ ಬ್ರೆಡ್ ಬರತೊಡಗಿತು. “ನಮಗ ಜ್ವರಾ ಬಂದ್ರೂ ಬ್ರೆಡ್ ಕಾಣಂಗಿಲ್ಲ, ಕುದರಿಗೆ ದಿನಾ ಹಬ್ಬ!” ಎಂದು ಅಜ್ಜಿ ಗೊಣಗುತ್ತಿದ್ದಳು. ಕುದುರೆಗಂತೂ ಬ್ರೆಡ್ಡೆಂದರೆ ಪ್ರಾಣವಾಯಿತು.

ಶರ್ಯತ್ತಿನ ದಿನ ಕಾಕಾನೇ ಸವಾರ. ಉಳಿದ ಕುದುರೆಗಳು ಧೂಳಿನಲ್ಲಿ ಕಾಣದಷ್ಟು ಹಿಂದೆ ಬಿದ್ದವು. ಇನ್ನು ನೂರು ಹೆಜ್ಜೆ ಇರಬಹುದು, ರಸ್ತೆಬದಿಯ ಚಹಾದಂಗಡಿಯ ಮುಂದೆ ಮುದುಕನೊಬ್ಬ ಬ್ರೆಡ್ಡನ್ನು ಚಹಾದಲ್ಲಿ ಅದ್ದಿದ. ಕುದುರೆ ನಿಂತಿತು. ಕಾಕಾ ನಿಲ್ಲಲಿಲ್ಲ; ಅದರ ತಲೆಯ ಮೇಲಿಂದ ಹಾರಿ ಕಬ್ಬಿನ ಒಣಗರಿಯ ರವದಿ ರಾಶಿಗೆ ಬಿದ್ದ. ಎದ್ದು ನೋಡಿದರೆ ಕುದುರೆ ಮುದುಕನ ಚಹಾದ ಬಸಿಗೆ ಬಾಯಿ ಹಾಕಿದೆ, ಉಳಿದವರೆಲ್ಲ ದಾಟಿ ಹೋಗಿದ್ದಾರೆ. “ತಿನ್ಲಿ ಬಿಡ್ರಿ, ಹಸದೈತಿ,” ಎಂದನಷ್ಟೇ ಕಾಕಾ.

ಮರುವರ್ಷ ಪಂಚರು ಕಟ್ಟಪ್ಪಣೆ ಮಾಡಿದರು: ಶರ್ಯತ್ತಿನ ದಿನ ಬ್ರೆಡ್ ಮಾರಕೂಡದು. ಕಾಕಾ ಮತ್ತೆ ಶರ್ಯತ್ತಿಗೆ ಇಳಿಯಲಿಲ್ಲ. ನಾನು ಅಷ್ಟರಲ್ಲಿ ಕಾಲೇಜಿನ ನಿಘಂಟು ತೆರೆದು ನೋಡಿದ್ದೆ. ‘ಥರೋಬ್ರೆಡ್’ ಅಂದರೆ ಅಪ್ಪಟ ತಳಿಯ ಕುದುರೆ ಎಂದಿತ್ತು. ಕಾಕಾನಿಗೆ ಹೇಳಲು ಬಾಯಿ ಬರಲಿಲ್ಲ. “ನಮ್ಮ ಹುಡಿಗಿ ಇಂಗ್ಲಿಷ್ ಓದಿ ಹೇಳ್ಳಿಲ್ಲಂದ್ರ ಪಾಪ, ಕುದರಿ ಉಪಾಸ ಸಾಯ್ತಿತ್ತು,” ಎಂದು ಕಾಕಾ ಸಾಯುವವರೆಗೂ ಬಂದವರಿಗೆಲ್ಲ ಹೇಳುತ್ತಿದ್ದ. ಪ್ರತಿಸಲವೂ ನಾನು ಒಳಗೆ ಹೋಗಿ ನೀರು ಕುಡಿಯುತ್ತಿದ್ದೆ.

ಮೊನ್ನೆ ಚಾವಡಿಯನ್ನೂ ನೋಡಿ ಬಂದೆ. ಗೋಡೆಗೆ ಸುಣ್ಣ ಬಳಿದಿದ್ದಾರೆ. ಗೆದ್ದವರದು ಒಂದು ಹೆಸರೂ ಇಲ್ಲ. ಬೇಕರಿಗೆ ತಿರುಗಿ ಹೋಗಿ ಹುಡುಗನಿಗೆ ಹೇಳಿದೆ: “ಆ ಪದ್ಧತಿ ಹಾಕಿಸಿದ್ದು ನಮ್ಮ ಭೀಮು ಕಾಕಾ.”

“ಹೌದ್ರಿ? ಊರೆಲ್ಲಾ ಇನ್ನೂ ಪಾಲಸ್ತೈತಿ ಅಂದ್ರ ಭಾಳ ದೊಡ್ಡ ಮನಶ್ಯಾರ ಇರಬೇಕ ಬಿಡ್ರಿ.”

“ಹೌದಪಾ,” ಎಂದು ಬರಿಗೈಯಲ್ಲಿ ಮನೆಗೆ ಬಂದೆ.