ಹಿಂಬದಿಗೆ ಬಿದ್ದ ಅಂಟು

೧೯೮೦ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೆಯ ತರಗತಿ ಅರ್ಧ ಬಾಕಿ ಇತ್ತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಲೆಕ್ಕದ ಮೇಷ್ಟರ ದನಿಗಿಂತ ಹೊಲಿಗೆ ಯಂತ್ರದ ಸದ್ದು ನನಗೆ ಹಿತವಾಗಿತ್ತು. ಮರುವರ್ಷ ದಿಲ್ಲಿಗೆ, ಅಕ್ಕನ ಮನೆಗೆ ಬಂದೆ. ಭಾವ ಕೇಂದ್ರ ಸರ್ಕಾರದ ಗುಮಾಸ್ತರು. ಜನಕಪುರಿಯ ಎರಡು ಕೋಣೆಯಲ್ಲಿ ಅವರಿಬ್ಬರು, ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅಕ್ಕನ ಅತ್ತೆ, ಮೇಲೆ ನಾನು. ಇವತ್ತು ಅದೇ ಕಾಲೋನಿಯ ಮಾರ್ಕೆಟ್ಟಿನಲ್ಲಿ ನನ್ನ ಟೈಲರಿಂಗ್ ಅಂಗಡಿಯಿದೆ. ಯಾರ ಶಿಫಾರಸೂ ಇಲ್ಲದೆ ಕಟ್ಟಿದ್ದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆದರೆ ಕೈಕೆಲಸ ಎಂದರೇನು ಎಂದು ತಿಳಿದದ್ದು ಅಕ್ಕನಿಂದ. ಅವಳು ಕಸೂತಿ ಹಾಕುತ್ತಿದ್ದಳು. ಅಜ್ಜಿ ಕಲಿಸಿದ ಗೋಪುರ, ಆನೆ, ತುಳಸಿಕಟ್ಟೆಗಳಿಗೇ ನಿಂತವಳಲ್ಲ. ಇಲ್ಲಿನ ಹಳೆಯ ಗೋರಿಗಳ ಕಲ್ಲುಜಾಲರಿ, ಬೇವಿನೆಲೆ, ಕೊನೆಗೆ ಮೂರು ಗಾಲಿಯ ಆಟೋವನ್ನೂ ಚೌಕಳಿ ಕಾಗದದ ಮೇಲೆ ಬರೆದು ಸೆರಗಿಗೆ ಇಳಿಸಿದಳು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆಯುವಂತಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ನಡುವೆ ಅತ್ತೆ ಕರೆದರೆ ಅಕ್ಕ ಏಳುತ್ತಾ, "ಮೂವತ್ತೇಳು, ನೆನಪಿಟ್ಕೋ ತಮ್ಮಾ," ಎನ್ನುತ್ತಿದ್ದಳು. ಬೆಡ್‌ಪ್ಯಾನ್ ತೊಳೆದು, ಕುಕ್ಕರ್ ಇಳಿಸಿ, ಮಕ್ಕಳ ಜಗಳ ಬಿಡಿಸಿ ಬರುವ ತನಕ ಆ ಮೂವತ್ತೇಳು ನನ್ನ ಬಾಯಲ್ಲಿ. ನಲವತ್ತು ವರ್ಷ ಹೀಗೇ ಹೊಲಿದಳು.

ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಜಾಗ ಬಿಟ್ಟು ಬಿಟ್ಟು ಹೋದ ದಾರ ಅದೇ ದಾರಿಯಲ್ಲಿ ಮರಳಿ ಬಂದು ಬಿಟ್ಟಿದ್ದನ್ನು ತುಂಬುತ್ತದೆ. ಬಟ್ಟೆಯ ಎರಡೂ ಕಡೆ ಒಂದೇ ಚಿತ್ರ. ಕಾಲೋನಿಯ ಹೆಂಗಸರು ಕಲಿಯಲು ಬಂದರೆ ಅಕ್ಕ ಅವರ ತುಂಡಿನ ಮುಂಭಾಗ ನೋಡುತ್ತಲೇ ಇರಲಿಲ್ಲ. "ಪೀಛೆ ಸೇ ದಿಖಾವೋ," ಎಂದು ಹಿಂಬದಿಯನ್ನೇ ಕೇಳುವಳು. ಇದು ಕೈಯದೋ ಮೆಷೀನಿನದೋ ಎಂದು ಯಾರಾದರೂ ಕೇಳಿದರೆ ಬಾಯಿ ಬಿಡದೆ ಸೆರಗು ಮಗುಚಿ ತೋರಿಸುವಳು.

ಈಗ ಅವಳಿಗೆ ಎಂಬತ್ತು ದಾಟಿದೆ. ಕಣ್ಣಿನ ನಡುಭಾಗ ಮಸುಕು. ಬಟ್ಟೆಯನ್ನು ಎರಡು ಬೆರಳ ನಡುವೆ ಹಿಡಿದು ಸವರಿಯೇ ತಿಳಿಯಬೇಕು. ಇನ್ನೂ ಸ್ವಲ್ಪ ಕಾಣುವಾಗಲೇ ಒಂದು ಪ್ರದರ್ಶನ ಮಾಡೋಣ ಎಂದು ನೋಯ್ಡಾದಲ್ಲಿರುವ ಅವಳ ಮಗಳು ಹೊರಟಳು. ಅವರ ಅಪಾರ್ಟ್‌ಮೆಂಟ್ ಸೊಸೈಟಿಯ ಕ್ಲಬ್‌ಹೌಸ್‌ನಲ್ಲಿ. ಅಕ್ಕನ ಆಯುಷ್ಯದಲ್ಲಿ ಇದೊಂದೇ.

ಮದುವೆ ಸೀಸನ್, ಅಂಗಡಿ ತುಂಬ ಗಿರಾಕಿಗಳು. ಆಗ ಅಕ್ಕನ ಮಗಳ ಫೋನು.

"ಮಾಮಾ, ಅಮ್ಮನ ಸೆರಗಿನ ಪೀಸ್ ಎಲ್ಲಾ ಫ್ರೇಮ್ ಮಾಡಿಸ್ತಿದೀನಿ. ಬ್ಯಾಕಿಂಗ್ ಹಾಕ್ತಾರಂತೆ, ಠೀಕ್ ಹೈ ನಾ?"

"ಬ್ಯಾಕಿಂಗ್ ಬೇಕೇ ಬೇಕು. ಹಾಕಿಸು."

ನಮ್ಮ ಅಂಗಡಿಯಲ್ಲಿ ಬ್ಯಾಕಿಂಗ್ ಎಂದರೆ ಹಿಂದೆ ಇಡುವ ತೆಳು ಬಟ್ಟೆ. ಕಚ್ಚಾ ಹೊಲಿಗೆ ಹಾಕಿರುತ್ತೇವೆ, ಎಳೆದರೆ ಬಿಚ್ಚಿ ಬರುತ್ತದೆ. ಫ್ರೇಮಿನವನ ಬ್ಯಾಕಿಂಗ್ ಬೇರೆ ಎಂದು ನನಗೆ ಹೊಳೆಯಲೇ ಇಲ್ಲ. ಪ್ರದರ್ಶನದ ಹಿಂದಿನ ದಿನ ಹೋಗಿ ನೋಡಿದರೆ ಗೋಡೆಗೆ ಒರಗಿದ ಇಪ್ಪತ್ತನಾಲ್ಕು ಚೌಕಟ್ಟು. ಒಂದನ್ನು ಮಗುಚಿದೆ. ಪ್ಲೈವುಡ್, ಮೇಲೆ ಕಂದು ಕಾಗದ.

"ಇದನ್ನ ಬಿಚ್ಚೋದು ಹೇಗೆ?"

"ಬಿಚ್ಚೋದ್ಯಾಕೆ? ಅಂಟು ಹಾಕಿದ್ದಾರೆ, ಪರ್ಮನೆಂಟ್. ಸುಕ್ಕು ಬರಲ್ಲ ಅಂತ ಭಯ್ಯಾ ಗ್ಯಾರಂಟಿ ಕೊಟ್ಟಿದ್ದಾನೆ."

"ಹಿಂದ್ಗಡೆ ನೋಡೋದು?"

"ಹಿಂದ್ಗಡೆ ಗೋಡೆ ನೋಡುತ್ತೆ ಮಾಮಾ," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಬ್ಲೇಡು ತರಿಸಿ ಆಟೋ ಇರುವ ತುಂಡನ್ನು ಪ್ಲೈವುಡ್ ಸಮೇತ ಚೌಕಟ್ಟಿನಿಂದ ಹೊರತೆಗೆದು ಒಂದು ಮೂಲೆಯಿಂದ ಎಬ್ಬಿಸಿದೆ. ಬಟ್ಟೆ ಎದ್ದಿತು, ಒಂದು ಗಾಲಿಯ ದಾರ ಪ್ಲೈವುಡ್‌ನಲ್ಲೇ ಉಳಿಯಿತು. ಅಲ್ಲಿಗೆ ಕೈಬಿಟ್ಟೆ. ನಿನ್ನ ತಾಯಿಯ ಕೆಲಸ ನಿನಗೆ ಇಷ್ಟೇನಾ ತಿಳಿದದ್ದು ಎಂದು ಕೂಗಾಡಿದೆ.

ಅವಳು ಮೆಲ್ಲಗೆ, "ನಿಮ್ಮನ್ನ ಕೇಳಿಯೇ ಮಾಡಿಸಿದ್ದು. ನೀವೇ ಬೇಕೇ ಬೇಕು ಅಂದ್ರಿ," ಎಂದಳು.

ರವಿಕೆಯ ಕುತ್ತಿಗೆ ಎಷ್ಟು ಆಳ ಎಂದು ಗಿರಾಕಿಯನ್ನು ಮೂರು ಸಲ ಕೇಳುವವನು ನಾನು. ಆವತ್ತು ಯಾವ ಬ್ಯಾಕಿಂಗ್ ಎಂದು ಒಂದು ಸಲವೂ ಕೇಳಲಿಲ್ಲ.

ಮರುದಿನ ಅಕ್ಕನನ್ನು ಕರೆತಂದೆವು. ಮೊದಲ ಚೌಕಟ್ಟಿನತ್ತ ಕೈ ಚಾಚಿದಳು, ಬೆರಳಿಗೆ ಗಾಜು ಸಿಕ್ಕಿತು. ಉಗುರಿನಿಂದ ಎರಡು ಸಲ ತಟ್ಟಿ, "ಒಳಗೆ ಯಾರಿದ್ದೀರಿ?" ಎಂದಳು. ಮಗಳು ನಕ್ಕಳು.

"ಮಗುಚೋ," ಎಂದಳು ಅಕ್ಕ.

ಮಗುಚಿದೆ. ಕಾಗದವನ್ನು ಸವರಿದಳು.

"ಅಂಟಾ?"

"ಹೂಂ."

"ಯಾರು ಹೇಳಿದ್ದು?"

"ನಾನು," ಎಂದೆ.

"ಟೈಲರ್ ಅಲ್ವೇನೋ ನೀನು? ಅಂಟು ಹಚ್ಚೋದು ಪೋಸ್ಟ್ ಆಫೀಸಿನವರು."

ಅಷ್ಟು ಹೇಳಿ ಕುರ್ಚಿಯಲ್ಲಿ ಕುಳಿತಳು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಜನ ಬಂದರು. ಸಮೋಸ ತಿಂದರು, ಗಾಜಿನಲ್ಲಿ ತಮ್ಮ ಮುಖವೂ ಬೀಳುವಂತೆ ಫೋಟೋ ತೆಗೆದುಕೊಂಡರು. ಜೀನ್ಸ್ ತೊಟ್ಟ ಒಬ್ಬ ಹುಡುಗಿ ಕಲ್ಲುಜಾಲರಿಯ ಮುಂದೆ ತುಂಬ ಹೊತ್ತು ನಿಂತಿದ್ದಳು. ಆಮೇಲೆ ಅಕ್ಕನ ಬಳಿ ಬಗ್ಗಿ ಮರ್ಯಾದೆಯಿಂದಲೇ ಕೇಳಿದಳು: "ಆಂಟಿಜೀ, ಯೇ ಪ್ರಿಂಟ್ ಹೈ ಕ್ಯಾ?"

ಅಕ್ಕನ ಕೈ ಮಡಿಲಿನಿಂದ ಮೇಲೆದ್ದು, ಹಿಡಿಯಲು ಬಟ್ಟೆಯಿಲ್ಲದೆ ಹಾಗೇ ಕೆಳಗಿಳಿಯಿತು.

"ಹಾಂ ಬೇಟಾ," ಎಂದಳು, "ಪ್ರಿಂಟ್ ಹೈ."

ನಾನು ನಡುವೆ ಬಾಯಿ ಹಾಕಿ ಎಳೆ, ಎಣಿಕೆ, ಗಂಟಿಲ್ಲದ ದಾರ ಎಂದು ಹಿಂದಿಯಲ್ಲಿ ಹೇಳತೊಡಗಿದೆ. ಹುಡುಗಿ ಅಚ್ಛಾ ಅಚ್ಛಾ ಎನ್ನುತ್ತ ತಲೆಯಾಡಿಸಿದಳು. ಮಾತಿನಿಂದ ಅದು ಯಾರಿಗೂ ತಿಳಿಯುವಂಥದ್ದಲ್ಲ. ಅಕ್ಕ ನನ್ನ ತೋಳು ಮುಟ್ಟಿ, "ಸಾಕು ಬಿಡೋ, ಮನೆಗೆ ಹೋಗೋಣ," ಎಂದಳು.

ಮಗಳ ಫ್ಲ್ಯಾಟಿನಲ್ಲಿ ಜಾಗವಿಲ್ಲ. ಚೌಕಟ್ಟುಗಳೆಲ್ಲ ನನ್ನ ಅಂಗಡಿಯ ಅಟ್ಟಕ್ಕೆ ಬಂದಿವೆ. ಫಾಲ್ ಹಚ್ಚಲೆಂದು ನನ್ನಲ್ಲಿದ್ದ ಅಕ್ಕನ ಒಂದು ಕಸೂತಿ ಸೀರೆ ಮಾತ್ರ ಫ್ರೇಮಿನವನ ಕೈಗೆ ಸಿಕ್ಕಿರಲಿಲ್ಲ.

ಈಗ ನನ್ನ ಬಳಿ ಇರುವುದು: ಅಂಗಡಿ ಒಂದು, ಹೊಲಿಗೆ ಯಂತ್ರ ಮೂರು, ಅಕ್ಕನ ಚೌಕಳಿ ಪುಸ್ತಕ ಒಂಬತ್ತು, ಗಾಜು ಹಾಕಿದ ಚೌಕಟ್ಟು ಇಪ್ಪತ್ತನಾಲ್ಕು, ಮಗುಚಿ ನೋಡಬಹುದಾದ ಸೀರೆ ಒಂದು.